ರೂಪಾಯಿ ಒತ್ತಬೇಕೋ, ಡಾಂಗ್ ಒತ್ತಬೇಕೋ

ಶಿವಮೊಗ್ಗ, ಎಪಿಎಂಸಿ ಯಾರ್ಡ್

ಅಡಿಕೆ ಚೀಲ ತಂದು ಇಳಿಸಿದ ಬೆಳೆಗಾರರು ಇಲ್ಲಿ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಗೊರಬಲು ನಿನ್ನೆಗಿಂತ ಎಷ್ಟು ಇಳಿದಿದೆ ಎಂದು ನಾಲ್ಕು ಕಡೆ ವಿಚಾರಿಸದೆ ಮಾತು ಕೊಡುವುದಿಲ್ಲ. ಹಮಾಲಿ ಎಷ್ಟು ಹಿಡಿದರು, ತೂಕದಲ್ಲಿ ಎಷ್ಟು ಬಿಟ್ಟರು, ಎಲ್ಲ ಲೆಕ್ಕವೂ ಕೈಗೆ ಬರಬೇಕು. ಇದೇ ಊರಿನಲ್ಲಿ 1939ರಿಂದ ಮ್ಯಾಮ್‌ಕೋಸ್ ಇದೆ. ಬೆಳೆದವರೇ ಕೂಡಿ ಮಾರಿಕೊಳ್ಳುವ ಸಂಘ ಕಟ್ಟಿ ಬೆಳೆಸಿದ ಜನ ಇವರು. ಬೆಲೆ ಕೇಳುವುದರಲ್ಲಿ ಇವರನ್ನು ಮೀರಿಸಿದವರನ್ನು ನಾನು ಬೇರೆ ಕಡೆ ಕಂಡಿಲ್ಲ.

ಇವರೇ ಈಗ ಕೊಯ್ಲು ಮುಗಿಸಿ ವಿಯೆಟ್ನಾಂ, ಥಾಯ್ಲೆಂಡ್, ದುಬೈ, ಶ್ರೀಲಂಕಾ ಎಂದು ಹೊರಡುತ್ತಿದ್ದಾರೆ. ಸಂತೋಷದ ವಿಷಯ. ಆದರೆ ವಾಪಸು ಬಂದ ಮೇಲೆ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ನೂರಕ್ಕೆ ನಾಲ್ಕು ರೂಪಾಯಿ ಹೋಗಿದ್ದರೆ ಯಾರೂ ಕೇಳುವುದಿಲ್ಲ. ಕ್ವಿಂಟಾಲಿಗೆ ನೂರು ರೂಪಾಯಿ ಕಡಿಮೆ ಎಂದರೆ ಚೀಲ ಎತ್ತಿಕೊಂಡು ಬೇರೆ ಮಂಡಿಗೆ ಹೋಗುವವರು ಇಲ್ಲಿ ಸುಮ್ಮನಿರುವುದು ಯಾಕೆ? ಇದನ್ನು ಬಿಡಿಸಿಕೊಳ್ಳಬೇಕೆಂದೇ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ನಮ್ಮ ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡನ್ನು ಹೊರದೇಶದಲ್ಲಿ ಉಜ್ಜಿದರೆ ಬ್ಯಾಂಕು ‘ಫಾರಿನ್ ಕರೆನ್ಸಿ ಮಾರ್ಕಪ್’ ಎಂದು 2ರಿಂದ 3.5%ವರೆಗೆ ಹಿಡಿಯುತ್ತದೆ. ಅದರ ಮೇಲೆ 18% ಜಿಎಸ್‌ಟಿ. ಒಂದು ಲಕ್ಷ ರೂಪಾಯಿ ಖರ್ಚಾಯಿತು, ಮಾರ್ಕಪ್ 3.5% ಎಂದು ಇಟ್ಟುಕೊಳ್ಳೋಣ: 3,500 ರೂಪಾಯಿ ಶುಲ್ಕ, 630 ತೆರಿಗೆ, ಒಟ್ಟು 4,130. ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋಗಿ ಎರಡು ಲಕ್ಷ ಕಾರ್ಡಿನಲ್ಲೇ ಮುಗಿಸಿದರೆ 8,260.

ಹೋಲಿಕೆಗೆ ಇನ್ನೊಂದು ಲೆಕ್ಕ. ಒಂದು ಲಕ್ಷ ರೂಪಾಯಿ ಕೊಟ್ಟು ವಿದೇಶಿ ಹಣ ಕೊಂಡರೆ, ನಿಯಮದ ಪ್ರಕಾರ ಅದರ 1% ಮಾತ್ರ ಸೇವೆಯ ಮೌಲ್ಯ ಎಂದು ಎಣಿಸಿ ಅದರ ಮೇಲೆ ಜಿಎಸ್‌ಟಿ ಹಾಕುತ್ತಾರೆ. ಅಂದರೆ 180 ರೂಪಾಯಿ. ಅಲ್ಲಿ ವ್ಯಾಪಾರಿಯ ಲಾಭ ದರದೊಳಗೇ ಇರುತ್ತದೆ ನಿಜ, ಆದರೆ ಆ ದರವನ್ನು ಕೊಳ್ಳುವ ಮೊದಲೇ ಕೇಳಬಹುದು, ಇನ್ನೊಬ್ಬರ ಹತ್ತಿರ ವಿಚಾರಿಸಿ ಚೌಕಾಸಿ ಮಾಡಬಹುದು. ಕಾರ್ಡಿನ ವಿಷಯದಲ್ಲಿ ಹಣ ಹೋದ ಎರಡು ಮೂರು ದಿನದ ಮೇಲೆ ಗೊತ್ತಾಗುತ್ತದೆ. ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಮಾರ್ಕಪ್ ಬೇರೆ ಸಾಲಾಗಿ ಬರುವುದುಂಟು. ಡೆಬಿಟ್ ಕಾರ್ಡಾದರೆ ಎಷ್ಟೋ ಸಲ ಪಾಸ್‌ಬುಕ್ಕಿನಲ್ಲಿ ಒಂದೇ ಮೊತ್ತ ಇರುತ್ತದೆ, ಶುಲ್ಕ ಅದರ ಹೊಟ್ಟೆಯೊಳಗೆ. ಹಮಾಲಿಯನ್ನು ಬೇರೆ ಸಾಲಿನಲ್ಲಿ ಬರೆಯದ ಮಂಡಿ ಪಟ್ಟಿಯನ್ನು ನಮ್ಮವರು ಒಪ್ಪುತ್ತಿದ್ದರೇ?

ಮಂಡಿಯಲ್ಲಿ ಸಿಕ್ಕ ಒಬ್ಬರು

ವಿಯೆಟ್ನಾಂ ನೋಡಿ ಬಂದವರು. ತೋಟ ಇರುವುದು ಭದ್ರಾವತಿ ತಾಲ್ಲೂಕಿನಲ್ಲಿ. ಹೋಟೆಲ್ ಬಿಲ್ಲು 24 ಲಕ್ಷ ಡಾಂಗ್ ಎಂದು ಕಂಡಾಗ ಎದೆ ಧಸಕ್ಕೆಂದಿತು ಎಂದರು. ಒಂದು ರೂಪಾಯಿಗೆ ಹತ್ತಿರಹತ್ತಿರ 300 ಡಾಂಗ್. 24 ಲಕ್ಷ ಎಂದರೆ ಸುಮಾರು 8,000 ರೂಪಾಯಿ. ಕಾಫಿಗೆ 45,000 ಎಂದು ಬರೆದಿರುತ್ತದೆ, ಅದು 150 ರೂಪಾಯಿ. ಅಷ್ಟು ಸೊನ್ನೆಗಳ ಮಧ್ಯೆ ಹೋಟೆಲಿನ ಹುಡುಗಿ ಸ್ವೈಪ್ ಮಷಿನ್ ತಿರುಗಿಸಿ ತೋರಿಸಿದಳು: ಒಂದು ಬದಿ ಡಾಂಗ್, ಇನ್ನೊಂದು ಬದಿ ರೂಪಾಯಿ.

“ನಮ್ಮ ರೂಪಾಯಿ ಕಂಡಿತಲ್ಲ ಸಾರ್, ಜೀವ ಬಂದಂಗಾಯ್ತು. ಅದನ್ನೇ ಒತ್ತಿದೆ.”

ಒತ್ತಿದ್ದಕ್ಕೆ ಎಷ್ಟು ಹೆಚ್ಚು ಹೋಯಿತು ಎಂದು ಅವರ ಮೊಬೈಲಿನಲ್ಲೇ ಇಬ್ಬರೂ ಕೂತು ನೋಡಿದೆವು. ಆ ದಿನದ ದರಕ್ಕೆ ಹೋಲಿಸಿದರೆ ರೂಪಾಯಿಯ ಮೊತ್ತ ಎದ್ದು ಕಾಣುವಷ್ಟು ಮೇಲಿತ್ತು. ಹೀಗೆ ಅಂಗಡಿಯಲ್ಲೋ ಎಟಿಎಂನಲ್ಲೋ ಸ್ಥಳದಲ್ಲೇ ರೂಪಾಯಿಗೆ ಬದಲಿಸಿ ಕೊಡುವ ವ್ಯವಸ್ಥೆಗೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ. ಆ ದರವನ್ನು ಕಟ್ಟುವುದು ನಮ್ಮ ಬ್ಯಾಂಕೂ ಅಲ್ಲ, ವೀಸಾ, ಮಾಸ್ಟರ್‌ಕಾರ್ಡೂ ಅಲ್ಲ. ಆ ಮಷಿನ್ ಇಟ್ಟವರ ಕಡೆಯವರು ಕಟ್ಟುತ್ತಾರೆ, ಲಾಭ ಅವರಿಗೂ ಅಂಗಡಿಗೂ ಹಂಚಿಹೋಗುತ್ತದೆ. ನೂರಕ್ಕೆ ನಾಲ್ಕು, ಐದು, ಕೆಲವೆಡೆ ಎಂಟರವರೆಗೂ ಹೆಚ್ಚಿಗೆ ಹೋಗುವುದುಂಟು. ಮೇಲಾಗಿ, ಹೊರದೇಶದಲ್ಲಿ ರೂಪಾಯಿಯಲ್ಲೇ ಬಿಲ್ಲಾದರೂ ಸಾಮಾನ್ಯವಾಗಿ 1% ಶುಲ್ಕ ಹಾಕುವ ಕ್ರೆಡಿಟ್ ಕಾರ್ಡುಗಳು ನಮ್ಮಲ್ಲಿ ಹಲವಿವೆ. ಒಂದನ್ನು ತಪ್ಪಿಸಲು ಹೋಗಿ ಎರಡನ್ನು ಕೊಟ್ಟಂತೆ.

ಯಾವ ಹಣದಲ್ಲಿ ಕೊಡಬೇಕೆಂಬ ಆಯ್ಕೆ ಗ್ರಾಹಕರದ್ದೇ ಆಗಿರಬೇಕು, ಇದು ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮವೂ ಹೌದು. ಆದ್ದರಿಂದ ಆ ದೇಶದ ಹಣವನ್ನೇ ಒತ್ತಬೇಕು. ಎಟಿಎಂ ಪರದೆಯಲ್ಲಿ ‘ಕನ್ವರ್ಷನ್ ಒಪ್ಪುತ್ತೀರಾ’ ಎಂದು ಕೇಳಿದರೆ ‘ಇಲ್ಲ’ ಎನ್ನಬೇಕು. ಇಲ್ಲ ಎಂದರೆ ದುಡ್ಡೇ ಬರುವುದಿಲ್ಲವೇನೋ ಎಂಬ ಭಯ ತುಂಬ ಜನಕ್ಕಿದೆ. ಬರುತ್ತದೆ. ನಿರಾಕರಿಸಿದ್ದು ಅವರ ದರವನ್ನು ಮಾತ್ರ.

ನನ್ನನ್ನು ಗೊಂದಲಕ್ಕೆ ಕೆಡವಿದ್ದು ಇದರ ಮುಂದಿನ ಮಾತು

ಅವರ ಜೊತೆಗಿದ್ದ ತಮ್ಮ ಕೇಳಿದರು: “ಹಂಗಾರೆ ನೇಪಾಳದಲ್ಲಿ ಯುಪಿಐ ಮಾಡ್ದಾಗ್ಲೂ ರೂಪಾಯಿನೇ ತೋರಿಸ್ತು, ಅದೂ ಮೋಸನಾ?”

ಒಳ್ಳೆಯ ಪ್ರಶ್ನೆ, ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡೂ ಕಡೆ ಪಿನ್ ಒತ್ತುವ ಮೊದಲೇ ರೂಪಾಯಿ ಮೊತ್ತ ಕಾಣುತ್ತದೆ. ಎರಡೂ ಕಡೆ ಮನಸ್ಸಿಗೆ ಅದೇ ಸಮಾಧಾನ. ಆದರೆ ಯುಪಿಐಯಲ್ಲಿ ರೂಪಾಯಿ ಲೆಕ್ಕ ಬರುವುದು ನಮ್ಮ ಆ್ಯಪ್, ನಮ್ಮ ಬ್ಯಾಂಕಿನ ಕಡೆಯಿಂದ. ದರ, ಶುಲ್ಕ ಏನಿದ್ದರೂ ಅಲ್ಲೇ ಸೇರಿ ಕಣ್ಣೆದುರಿಗೆ ಬರುತ್ತದೆ. ಸ್ವೈಪ್ ಮಷಿನ್ನಿನಲ್ಲಿ ರೂಪಾಯಿ ಲೆಕ್ಕ ಕಟ್ಟುವವರು ಅಂಗಡಿಯ ಕಡೆಯವರು. ಕಾಣುವ ಚಿಹ್ನೆ ಒಂದೇ, ದರ ಹಾಕಿದ ಕೈ ಬೇರೆ. ಮಂಡಿಯಲ್ಲಿ ‘ರೇಟು ಯಾರು ಹೇಳಿದ್ದು’ ಎಂದು ಮೊದಲು ಕೇಳುವವರು ಇಲ್ಲಿ ಪರಿಚಯದ ಮುಖ ಕಂಡ ಕೂಡಲೇ ನಂಬುತ್ತಾರೆ. ನಂಬಿಕೆಯ ಆ ಒಂದು ಕ್ಷಣವನ್ನೇ ಹಣ ಮಾಡಿಕೊಳ್ಳುವ ವ್ಯಾಪಾರ ಇದು, ನನಗೆ ಇದು ಸರಿಯೆನಿಸುವುದಿಲ್ಲ.

ಯುಪಿಐ ನಡೆಯುವ ದೇಶಗಳು ಇನ್ನೂ ಕೆಲವೇ. ಭೂತಾನಿನಲ್ಲಿ 2021ರ ಜುಲೈಯಿಂದ, ಶ್ರೀಲಂಕಾ ಮತ್ತು ಮಾರಿಷಸ್ಸಿನಲ್ಲಿ 2024ರ ಫೆಬ್ರುವರಿಯಿಂದ, ಅದೇ ವರ್ಷ ನೇಪಾಳದಲ್ಲೂ ಬಂತು. ಪ್ಯಾರಿಸ್ಸಿನ ಐಫೆಲ್ ಟವರಿನ ಟಿಕೆಟ್ಟಿಗೂ ಇದೆ. ಆದರೆ ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಎಂಬುದನ್ನು ಮೊದಲು ಆನ್ ಮಾಡಿಕೊಳ್ಳಬೇಕು, ಅಲ್ಲಿ ಹೋದ ಮೇಲೆ ಇಂಟರ್ನೆಟ್ಟೂ ಬೇಕು.

ನೇಪಾಳ, ಭೂತಾನ್

ಮುಕ್ತಿನಾಥ, ಪಶುಪತಿನಾಥ ಎಂದು ಹೋಗುವವರು ಮಲೆನಾಡಿನಲ್ಲಿ ಬಹಳ. ಅವರಿಗೆ ದರದ ಚಿಂತೆ ಕಡಿಮೆ, ಯಾಕೆಂದರೆ 1993ರಿಂದ ನಮ್ಮ 100 ರೂಪಾಯಿಗೆ ಅಲ್ಲಿಯ 160 ಎಂಬ ಸ್ಥಿರ ಲೆಕ್ಕ ನಡೆದುಬಂದಿದೆ. ಭೂತಾನಿನ ಎನ್‌ಗುಲ್ಟ್ರಮ್ ಅಂತೂ ನಮ್ಮ ರೂಪಾಯಿಗೆ ಸರಿಸಮ. ಚಿಂತೆ ಇರುವುದು ನೋಟಿನದು. 2018ರ ಡಿಸೆಂಬರಿನಲ್ಲಿ ನೇಪಾಳ ಸರಕಾರ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ಆಮೇಲೆ ಸಡಿಲಿಕೆಯ ಮಾತುಗಳು ನಡೆದಿವೆ, ಹೊರಡುವ ವಾರ ಅಂದಿನ ನಿಯಮ ಕೇಳಿಕೊಂಡೇ ಹೋಗಬೇಕು.

ಒಂದು ಪಕ್ಕದ ಮಾತು. ಭೂತಾನಿನಲ್ಲಿ ಎಲೆ, ಸುಣ್ಣ, ಅಡಿಕೆ ಸೇರಿಸಿದ ದೋಮಾ ಇಲ್ಲದೆ ಮಾತುಕತೆ ಇಲ್ಲ. 2022ರಲ್ಲಿ ಕೇಂದ್ರ ಸರಕಾರ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಅವಕಾಶ ಕೊಟ್ಟಾಗ ನಮ್ಮ ಬೆಳೆಗಾರರು ಕಂಗಾಲಾದರು. ಪ್ರವಾಸ ಹೋದ ಅದೇ ಬೆಳೆಗಾರರು ಥಿಂಫುವಿನ ಬೀದಿಯಲ್ಲಿ ಅಡಿಕೆಯ ಬೆಲೆ ಕೇಳದೆ ಮುಂದೆ ಹೋಗಿರಲಾರರು.

ಭದ್ರಾವತಿ, ಜನ್ನಾಪುರ

ಇಲ್ಲಿಯ ಕಥೆ ಬೇರೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಎರಡರಿಂದಲೂ ನಿವೃತ್ತರಾದವರ ಊರು. ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಹೆರಿಗೆಗೆ, ಮೊಮ್ಮಗುವಿನ ನಾಮಕರಣಕ್ಕೆ ಹೋಗಿ ಆರು ತಿಂಗಳು ಇದ್ದು ಬರುತ್ತಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐನಲ್ಲಿ ಸೇರಿಹೋದರೂ ಇವರ ಬಾಯಲ್ಲಿ ಅದಿನ್ನೂ ‘ಮೈಸೂರು ಬ್ಯಾಂಕೇ’.

ಒಬ್ಬ ನಿವೃತ್ತ ಶಿಕ್ಷಕಿ ಹೇಳಿದ್ದನ್ನು ಇಲ್ಲಿ ಬರೆದಿಡಬೇಕು. ಅಲ್ಲಿ ಎಲ್ಲವನ್ನೂ ಮಗನೇ ಕೊಡಿಸುತ್ತಾನೆ. ಆದರೂ ಸೊಸೆಗೆ ಒಂದು ಸ್ವೆಟರ್, ಮೊಮ್ಮಗಳಿಗೆ ಒಂದು ಗೊಂಬೆ ತಮ್ಮ ಪೆನ್ಷನ್ನಿನಿಂದಲೇ ಕೊಡಿಸಬೇಕೆಂಬುದು ಅವರ ಆಸೆ. “ಅವನ ಹತ್ರ ಕೇಳಿ ಅವನ ಮಗಳಿಗೆ ಕೊಡ್ಸೋದು ಏನು ಚಂದ, ಹೇಳಿ” ಎಂದರು. ಮೊದಲ ಸಲ ಹೋದಾಗ ಕಾರ್ಡೇ ನಡೆಯಲಿಲ್ಲ. ಎರಡನೆಯ ಸಲ ನಡೆಯಿತು, ಆದರೆ ಮಗನಿಗೆ ಹೇಳದೆ ಎಟಿಎಂನಿಂದ ಇಪ್ಪತ್ತು, ನಲವತ್ತು ಡಾಲರ್ ಎಂದು ಆಗಾಗ ತೆಗೆದರು. ಪ್ರತಿ ಸಲಕ್ಕೂ ನಮ್ಮ ಬ್ಯಾಂಕಿನ ಒಂದು ಶುಲ್ಕ, ಆ ಎಟಿಎಂನವರ ಒಂದು ಶುಲ್ಕ, ಮೇಲೆ ಮಾರ್ಕಪ್.

ಕಾರ್ಡು ನಡೆಯದಿದ್ದುದಕ್ಕೆ ಕಾರಣ ಸರಳ. ರಿಸರ್ವ್ ಬ್ಯಾಂಕ್ 2020ರ ಜನವರಿ 15ರಂದು ಹೊರಡಿಸಿದ ಸುತ್ತೋಲೆಯಂತೆ ಹೊಸ ಕಾರ್ಡುಗಳು ಕೈಗೆ ಬರುವಾಗ ಭಾರತದೊಳಗಿನ ಎಟಿಎಂ, ಅಂಗಡಿಗಳಿಗೆ ಮಾತ್ರ ಚಾಲೂ ಇರುತ್ತವೆ. ಹೊರದೇಶದ ಬಳಕೆಯನ್ನು ನಾವೇ ಆ್ಯಪಿನಲ್ಲೋ ಎಟಿಎಂನಲ್ಲೋ ಶಾಖೆಯಲ್ಲೋ ಆನ್ ಮಾಡಿಸಬೇಕು, ಮಿತಿಯನ್ನೂ ನಾವೇ ಇಟ್ಟುಕೊಳ್ಳಬಹುದು. ವಂಚನೆ ತಡೆಯುವ ಒಳ್ಳೆಯ ನಿಯಮ ಇದು, ನಾನು ಮೆಚ್ಚುತ್ತೇನೆ. ಆದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಬರುವ ಅರವತ್ತೈದು ವರ್ಷದ ತಾಯಿಗೆ, ‘ಅಮ್ಮ, ಅಮೆರಿಕಕ್ಕೆ ಹೊರಟಿದ್ದೀರಿ, ಇದನ್ನು ಆನ್ ಮಾಡಿಕೊಡಲೇ’ ಎಂದು ಕೇಳುವವರು ಇರಬೇಕಿತ್ತು. ಊರ ಶಾಖೆಗಳಲ್ಲಿ ಕೆಲಸ ಹೆಚ್ಚು, ಸಿಬ್ಬಂದಿ ಕಡಿಮೆ, ಗೊತ್ತು. ಆದರೂ ಈ ಒಂದು ಮಾತಿಗೆ ಒಂದು ನಿಮಿಷ ಸಾಕು.

ರುಪೇ ಕಾರ್ಡಿನವರು ಇನ್ನೊಂದನ್ನೂ ನೋಡಬೇಕು. ಕಾರ್ಡಿನ ಮೇಲೆ ಡಿಸ್ಕವರ್, ಡೈನರ್ಸ್, ಜೆಸಿಬಿ ಇವುಗಳ ಗುರುತು ಇದ್ದರೆ ಆ ಜಾಲ ಇರುವ ಕಡೆ ಹೊರದೇಶದಲ್ಲೂ ನಡೆಯುತ್ತದೆ. ಬರೀ ದೇಶದೊಳಗಿನ ರುಪೇ ಆದರೆ ನಡೆಯುವುದಿಲ್ಲ.

ಸಣ್ಣ ಸಣ್ಣ ಮೊತ್ತ ತೆಗೆಯುವುದರ ಬಗ್ಗೆ ಥಾಯ್ಲೆಂಡಿನ ಉದಾಹರಣೆ ಸ್ಪಷ್ಟ. ಅಲ್ಲಿಯ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತವೆ, ಎಷ್ಟು ತೆಗೆದರೂ ಅಷ್ಟೇ. 2,000 ಬಾತ್ ತೆಗೆದವರಿಗೆ ಅದು 11%. 20,000 ತೆಗೆದವರಿಗೆ 1.1%. ಹುಷಾರಾಗಿರಬೇಕೆಂದು ಸ್ವಲ್ಪ ಸ್ವಲ್ಪವೇ ತೆಗೆಯುವ ನಮ್ಮ ಹಿರಿಯರ ಜಾಣತನಕ್ಕೇ ಇಲ್ಲಿ ದಂಡ ಬೀಳುತ್ತದೆ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ. ಸಾಮಾನ್ಯವಾಗಿ 2.5% ಶುಲ್ಕ, ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ.

ಊರು ಬಿಡದೆಯೂ

ಇದೇ ಭದ್ರಾವತಿಯಲ್ಲಿ ಪಾಸ್‌ಪೋರ್ಟೇ ಇಲ್ಲದ ಒಬ್ಬ ವಿದ್ಯಾರ್ಥಿಯ ಕಾರ್ಡಿನಲ್ಲಿ ವಿದೇಶಿ ಶುಲ್ಕ ಬಿದ್ದಿದೆ. ಓದಿಗೆಂದು ತಂದೆಯ ಕಾರ್ಡಿನಿಂದ ಯಾವುದೋ ಸಾಫ್ಟ್‌ವೇರಿಗೆ ತಿಂಗಳಿಗಿಷ್ಟು ಎಂದು ಕಟ್ಟಿದ್ದಾನೆ. ಬೆಲೆ ರೂಪಾಯಿಯಲ್ಲೇ ಬರೆದಿತ್ತು. ಆದರೆ ಆ ಕಂಪನಿಯ ವ್ಯಾಪಾರ ನೋಂದಣಿಯಾಗಿರುವುದು ಹೊರದೇಶದಲ್ಲಿ, ಆದ್ದರಿಂದ ಕಾರ್ಡಿನ ಲೆಕ್ಕದಲ್ಲಿ ಅದು ವಿದೇಶಿ ವಹಿವಾಟು. ಹಣ ಯಾವ ಗಡಿ ದಾಟಿತು ಎಂಬುದು ಕೊಟ್ಟವನಿಗೇ ತಿಳಿಯದಂತಾಗಿದೆ.

ಹಾಗಾದರೆ ಏನು ಒಯ್ಯಬೇಕು

ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಓಡಾಡುತ್ತಿದೆ, ಆದರೆ ಹೊರದೇಶಕ್ಕೆ ಹೋಗುವವರು ಬೆಂಗಳೂರಿನಲ್ಲೇ ಹತ್ತಬೇಕು. ಅದರಿಂದ ಒಂದು ಅಭ್ಯಾಸ ಬೆಳೆದುಬಿಟ್ಟಿದೆ: ‘ಡಾಲರ್ ಏರ್‌ಪೋರ್ಟಿನಲ್ಲೇ ತಗೊಂಡ್ರಾಯ್ತು.’ ಸಾಮಾನ್ಯವಾಗಿ ಎಲ್ಲಕ್ಕಿಂತ ತುಟ್ಟಿ ದರ ಸಿಗುವುದು ಅಲ್ಲೇ. ಹೊರಡುವ ಸಮಯ, ಹಿಂದೆ ಸಾಲು, ಕೈಯಲ್ಲಿ ಮಕ್ಕಳು. ಚೌಕಾಸಿಗೆ ಎಡೆ ಎಲ್ಲಿ? ಪ್ರಯಾಣಕ್ಕೆ 60 ದಿನ ಮುಂಚಿನಿಂದಲೂ ವಿದೇಶಿ ಹಣ ಕೊಳ್ಳಬಹುದು. ಶಿವಮೊಗ್ಗದಲ್ಲೇ ಬ್ಯಾಂಕಿನ ಶಾಖೆ, ಅಧಿಕೃತ ವ್ಯಾಪಾರಿಗಳನ್ನು ಕೇಳಿ ಎರಡು ದರ ಹೋಲಿಸಿಕೊಳ್ಳಲು ಅಷ್ಟು ದಿನ ಧಾರಾಳ. ನೋಟಿನ ರೂಪದಲ್ಲಿ ಬಹುತೇಕ ದೇಶಗಳಿಗೆ ಒಬ್ಬರಿಗೆ 3,000 ಡಾಲರಿನಷ್ಟು ಮಾತ್ರ. ಹಜ್, ಉಮ್ರಾಕ್ಕೆ ಹೋಗುವವರಿಗೆ ಈ ಮಿತಿಯಿಂದ ವಿನಾಯಿತಿ ಇದೆ. ರೂಪಾಯಿಯಲ್ಲಿ ಕೊಳ್ಳುವಾಗ 50,000 ಮತ್ತು ಅದಕ್ಕೆ ಮೇಲ್ಪಟ್ಟು ನಗದು ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು.

ಫಾರೆಕ್ಸ್ ಕಾರ್ಡಿನ ಬಗ್ಗೆ ನನ್ನ ಅಭಿಪ್ರಾಯ ಎರಡಾಗಿದೆ. ಸಿಂಗಪುರಕ್ಕೆ ಸಿಂಗಪುರ ಡಾಲರ್, ಯುರೋಪಿಗೆ ಯುರೋ ಎಂದು ತುಂಬಿಸಿಕೊಂಡು ಹೋದರೆ ಒಳ್ಳೆಯದೇ, ದರ ಮೊದಲೇ ಗೊತ್ತಿರುತ್ತದೆ. ವಿಯೆಟ್ನಾಮಿನ ಡಾಂಗ್ ನಮ್ಮ ಫಾರೆಕ್ಸ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅಮೆರಿಕನ್ ಡಾಲರ್ ತುಂಬಿ ಡಾಂಗಿನಲ್ಲಿ ಖರ್ಚು ಮಾಡಿದರೆ ಕ್ರಾಸ್ ಕರೆನ್ಸಿ ಎಂದು ಮತ್ತೆ 3%ರ ಆಸುಪಾಸು ಹೋಗುತ್ತದೆ. ಮಂಡಿಯಲ್ಲಿ ಸಿಕ್ಕವರಿಗೆ ಟೂರಿನವರು ಒಂದು ಫಾರೆಕ್ಸ್ ಕಾರ್ಡ್ ಕೊಡಿಸಿಯೂ ಇದ್ದರು, ಅದರಲ್ಲಿ ಇದ್ದುದು ಡಾಲರ್.

ಈಚಿನ ವರ್ಷಗಳಲ್ಲಿ ಮಾರ್ಕಪ್ಪೇ ಇಲ್ಲದ ಕಾರ್ಡುಗಳು ಬಂದಿವೆ. ನಿಯೋ ಗ್ಲೋಬಲ್, ಸ್ಕೇಪಿಯಾ, ಆರ್‌ಬಿಎಲ್‌ನ ವರ್ಲ್ಡ್ ಸಫಾರಿ, ಐಡಿಎಫ್‌ಸಿ ಫಸ್ಟ್‌ನ ವಾವ್ ಈ ಸಾಲಿನವು. ಇವುಗಳ ಷರತ್ತು ಆಗಾಗ ಬದಲಾಗುತ್ತದೆ, ವಾರ್ಷಿಕ ಶುಲ್ಕ ಇರುವುದೂ ಇದೆ, ಠೇವಣಿ ಕೇಳುವುದೂ ಇದೆ. ಮಾರ್ಕಪ್ಪೇ ಇಲ್ಲದೆ ಇವರಿಗೆ ಹೇಗೆ ಗಿಟ್ಟುತ್ತದೆ ಎಂದು ನನಗೆ ಮೊದಲು ಅನುಮಾನವಿತ್ತು. ಕಾರ್ಡು ಉಜ್ಜಿದಾಗೆಲ್ಲ ಅಂಗಡಿಯವರು ಕೊಡುವ ಶುಲ್ಕದಲ್ಲಿ ಒಂದು ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಬರುತ್ತದೆ. ಅಷ್ಟರಲ್ಲೇ ಗಿಟ್ಟಿಸುವ ಬ್ಯಾಂಕುಗಳು ಇದ್ದಾವೆ ಎಂದ ಮೇಲೆ, ಉಳಿದವು 3.5% ಯಾಕೆ ಹಿಡಿಯುತ್ತವೆ? ಗಿರಾಕಿ ಕೇಳುವುದಿಲ್ಲ ಎಂಬುದಲ್ಲದೆ ಬೇರೆ ಕಾರಣ ನನಗೆ ಕಾಣುತ್ತಿಲ್ಲ.

ಒಂದೇ ಕಾರ್ಡು ನೆಚ್ಚಿ ಹೋಗಬಾರದು, ಇದನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ. ಕಳೆದರೆ ತಕ್ಷಣ ಬ್ಯಾಂಕಿಗೆ ತಿಳಿಸಬೇಕು. ಬ್ಯಾಂಕಿನದೂ ನಮ್ಮದೂ ಅಲ್ಲದ ತಪ್ಪಿನಿಂದ ಹಣ ಹೋದರೆ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ಹೊಣೆ ಇಲ್ಲ ಎಂದು 2017ರ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ.

ಸದಾಶಿವಪುರದ ನೆನಪು

ಶಿವಮೊಗ್ಗದ ಜನ ಹೊರದೇಶದ ಹಣ ಬಳಸುವುದನ್ನು ಬರೆಯುವಾಗ ಸದಾಶಿವಪುರದ ಹಕ್ಕಿಪಿಕ್ಕಿ ಸಮುದಾಯದವರನ್ನು ಬಿಡುವುದು ಅನ್ಯಾಯ. ರಜೆಗೆಂದು ಹೋಗುವವರಲ್ಲ ಅವರು. ಗಿಡಮೂಲಿಕೆ, ತೈಲ ಹೊತ್ತು ಆಫ್ರಿಕಾದ ದೇಶಗಳಿಗೆ ವ್ಯಾಪಾರಕ್ಕೆ ಹೋಗುವವರು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ 31 ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡಿದ್ದರು, ನಮ್ಮ ಜಿಲ್ಲೆಯವರೂ ಅವರಲ್ಲಿದ್ದರು. ಆಪರೇಷನ್ ಕಾವೇರಿಯಲ್ಲಿ ವಾಪಸು ಬಂದರು. ಸೂಡಾನಿನಲ್ಲಿ ಹೊರದೇಶದ ಕಾರ್ಡುಗಳು ಬಹುಮಟ್ಟಿಗೆ ನಡೆಯುವುದೇ ಇಲ್ಲ, ಕೈಯಲ್ಲಿರುವ ನಗದೇ ಗತಿ. ಶುಲ್ಕ ಉಳಿಸುವ ನಮ್ಮ ಲೆಕ್ಕವೆಲ್ಲ ಬ್ಯಾಂಕು ಬಾಗಿಲು ತೆರೆದಿರುವ ದೇಶಗಳಿಗೆ ಮಾತ್ರ. ಅಪರಿಚಿತ ನೋಟನ್ನು ಕೈಯಲ್ಲಿ ಹಿಡಿದು ಬೆಲೆ ಅಳೆಯುವುದು ಅವರಿಗೆ ಹೊಟ್ಟೆಪಾಡು. ಆ ತಿಳಿವಳಿಕೆಯನ್ನು ಅವರಿಂದ ಕೇಳಿ ಬರೆದಿಟ್ಟವರು ಇದ್ದರೆ ಅದು ದೊಡ್ಡ ಕೆಲಸ.

ದುರ್ಗಿಗುಡಿ, ಒಂದು ಆಡಿಟರ್ ಕಚೇರಿ

ಪ್ಯಾಕೇಜ್ ಟೂರಿನ ಬಿಲ್ಲಿನಲ್ಲಿ ‘ಟಿಸಿಎಸ್’ ಎಂಬ ಸಾಲು ಕಂಡು ಅದನ್ನೂ ಬ್ಯಾಂಕಿನ ಶುಲ್ಕ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಶುಲ್ಕವಲ್ಲ, ಮುಂಗಡವಾಗಿ ಹಿಡಿದಿಟ್ಟ ತೆರಿಗೆ. 2020ರ ಅಕ್ಟೋಬರಿನಲ್ಲಿ 5% ಎಂದು ಶುರುವಾಯಿತು, ಆಮೇಲೆ ಬಜೆಟ್ಟಿನಿಂದ ಬಜೆಟ್ಟಿಗೆ ದರ ಬದಲಾಗುತ್ತ ಬಂದಿದೆ. ಸಂಬಳದವರು ರಿಟರ್ನ್ ಹಾಕುವಾಗ ಇದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾರೆ.

ಅಡಿಕೆ ಬೆಳೆಗಾರರ ಗತಿ? ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ ಹಾಕುವ ಅಭ್ಯಾಸವೂ ಎಷ್ಟೋ ಜನಕ್ಕಿಲ್ಲ. ತೆರಿಗೆಯೇ ಕೊಡಬೇಕಿಲ್ಲದವರ ಹಣ ತೆರಿಗೆಯ ಖಾತೆಯಲ್ಲಿ ಕೂತಿರುತ್ತದೆ, ಕೇಳುವವರಿಲ್ಲ. ಎರಡೂವರೆ ಲಕ್ಷದ ಪ್ಯಾಕೇಜಿಗೆ ಶುರುವಿನ ಆ 5% ದರದಲ್ಲಿ 12,500 ರೂಪಾಯಿ ಹಿಡಿಯುತ್ತಿದ್ದರು, ಕಾರ್ಡಿನಲ್ಲಿ ಉಳಿಸಲು ಪಾಡುಪಟ್ಟ ಶುಲ್ಕಕ್ಕಿಂತಲೂ ದೊಡ್ಡ ಮೊತ್ತ. ಆಡಿಟರ್ ಹೇಳಿದ್ದು ಇಷ್ಟು: ಪ್ಯಾನ್ ನಂಬರ್ ಟೂರಿನವರಿಗೆ ಸರಿಯಾಗಿ ಕೊಟ್ಟಿರಬೇಕು, ಫಾರ್ಮ್ 26ಎಎಸ್‌ನಲ್ಲಿ ಆ ಮೊತ್ತ ಬಂದಿದೆಯೇ ನೋಡಬೇಕು, ಕೃಷಿ ಆದಾಯವನ್ನು ವಿನಾಯಿತಿಯ ಕಾಲಮ್ಮಿನಲ್ಲಿ ತೋರಿಸಿ ಗಡುವಿನೊಳಗೆ ರಿಟರ್ನ್ ಹಾಕಬೇಕು, ಬ್ಯಾಂಕ್ ಖಾತೆ ಪ್ಯಾನಿಗೆ ಜೋಡಣೆಯಾಗಿರಬೇಕು. ಹಣ ಅದೇ ಖಾತೆಗೆ ಬರುತ್ತದೆ.

ವಿಯೆಟ್ನಾಮಿಗೆ ಹೋಗಿಬಂದವರಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ: “ಹೋದ ವರ್ಷ ದುಬೈಗೆ ಹೋಗಿದ್ವಲ್ಲ, ಅದರದ್ದೂ ಸಿಗುತ್ತಾ ಸಾರ್?” ಅದರ ಗಡುವು ಮುಗಿದಿದೆಯೋ ಇಲ್ಲವೋ ಎಂದು ತಿಳಿಯಲು ಬಿಲ್ಲಿನ ತಾರೀಖು ಬೇಕು. ಹುಡುಕುತ್ತಿದ್ದಾರೆ.